ಬಾಯಿ ಮುಚ್ಚಿಕೊಂಡು ನೋಡುವ ಕೆಲಸ

ತೊಂದರೆ ಶುರುವಾದದ್ದು ಸಾಹೇಬರ ಅತ್ತೆಯಿಂದ. ಆಕೆ ಊಟವಾದ ಮೇಲೆ, ಅಳಿಯ ಅಷ್ಟೊಂದು ಜಂಬ ಕೊಚ್ಚಿಕೊಳ್ಳುವ ಬಾಡಿಗೆ ಮನೆಗಳ ವೆಬ್‌ಸೈಟನ್ನು ಮೊಬೈಲಿನಲ್ಲಿ ತೆರೆದು, ಬಹಳ ಹೊತ್ತು ಮೇಲೆ ಕೆಳಗೆ ತಳ್ಳಿ, ಕೊನೆಗೆ, "ಚೆನ್ನಾಗಿದೆ. ಆದ್ರೆ ಇದ್ರಲ್ಲಿ ಹಾಡು ಎಲ್ಲಿ ಬರುತ್ತೆ?" ಅಂದರು.

ಮರುದಿನ ಬೆಳಿಗ್ಗೆ ಆ ಅವಮಾನವೆಲ್ಲ ಬಟನ್‌ ತಲೆಯ ಮೇಲೆ ಸುರಿಯಿತು.

ಬಟನ್‌ ಅಂದರೆ ಆ ಸೈಟು ಮಾಡಿದವನು. ಏನಪ್ಪಾ ನಿನ್ನ ಕೆಲಸ ಅಂತ ಬೀದಿಯವರು ಕೇಳಿದಾಗ, "ಬಟನ್‌ ಎಲ್ಲಿಡಬೇಕು ಅಂತ ಯೋಚ್ನೆ ಮಾಡೋದು" ಅಂದಿದ್ದ. ಅಂದೇ ಅಂಟಿಕೊಂಡ ಹೆಸರು. ಯೋಚನೆಯೇನೋ ಬಲವಾಗಿಯೇ ಮಾಡಿದ್ದ. ಮನೆ ಬಾಡಿಗೆಗೆ ಕೊಡುವ ಬಟನ್ನನ್ನು ಮೂಲೆಯಲ್ಲಿ ಮೂರು ಗೆರೆ ಎಳೆದು ಅದರ ಹೊಟ್ಟೆಯೊಳಗೆ ಅಡಗಿಸಿಟ್ಟಿದ್ದ. ಅಕ್ಷರಗಳೋ, ಬಿಳಿಯ ಮೇಲೆ ತೆಳು ಬೂದಿ ಬಣ್ಣ, ನೀರು ಜಾಸ್ತಿಯಾದ ಹಾಲಿನಂತೆ. ಓದಿದವರ ವರಸೆಯೇ ಇದು. ಬಾಗಿಲಿಗೆ ಗೋಡೆಯ ಬಣ್ಣವನ್ನೇ ಬಳಿಯುವುದು, ಆಮೇಲೆ ಹಣೆ ಜಜ್ಜಿಕೊಂಡವನನ್ನು ನೋಡಿ, ಪಾಪ, ಇವನಿಗೆ ಬಾಗಿಲು ಅಂದರೇನು ಅಂತಲೇ ಗೊತ್ತಿಲ್ಲ ಅನ್ನುವುದು. ಸೈಟು ತೆರೆದು ಎಷ್ಟೋ ಕಾಲವಾದರೂ ಅದರಲ್ಲಿ ಒಂದು ಮನೆಯೂ ಬಂದಿರಲಿಲ್ಲ.

"ಜನಕ್ಕೆ ಅಭ್ಯಾಸ ಇಲ್ಲ ಸರ್‌" ಅಂದ ಬಟನ್‌.

"ಜನದ ತಲೆ ಮೇಲೆ ಹಾಕ್ಬೇಡ" ಅಂದರು ಸಾಹೇಬರು. "ಇವತ್ತು ಸಂಜೆ ಒಳಗೆ, ಆಫೀಸಿನೋರಲ್ಲದ ಮಾಮೂಲಿ ಜನ, ಒಬ್ರು ಮನೆ ಹಾಕ್ಬೇಕು, ಇನ್ನೊಬ್ರು ಅದನ್ನ ಹಿಡೀಬೇಕು. ತಾವಾಗೇ. ನೀನು ಪಕ್ಕದಲ್ಲಿ ಕೂತ್ಕೊಂಡು, ಬೆರಳು ಎಲ್ಲೆಲ್ಲಿ ಸಿಕ್ಕಾಕೊಳ್ಳುತ್ತೆ ಅಂತ ನೋಡು. ಅವ್ರ ಕೈಗೆ ನಿನ್ನ ಮೊಬೈಲು ಕೊಡು, ಪಕ್ಕದಲ್ಲಿ ಆಫೀಸಿನ ಫೋನಲ್ಲಿ ವಿಡಿಯೋ ಹಾಕಿಡು, ನಾನು ನೋಡ್ತಿರ್ತೀನಿ. ಮಧ್ಯೆ ಬಾಯಿ ಬಿಟ್ಟು ಹೇಳಿಕೊಟ್ಯೋ, ನಾಳೆಯಿಂದ ಮನೇಲೇ ಇರು."

ಮನೇಲೇ ಇರು ಅಂದರೆ ಕೆಲಸ ಹೋಯಿತು ಅಂತ.

ಮೊದಲು ಸಿಕ್ಕವರು ಅವನ ಕಟ್ಟಡದ ಕೆಳಮನೆಯ ಕಂಡಕ್ಟರ್‌ ತಾತ. ಕೆಲಸದಿಂದ ನಿವೃತ್ತರಾದರೂ, ಮೆಟ್ಟಿಲು ಹತ್ತುವವರನ್ನೆಲ್ಲ ಎಲ್ಲಿಂದ ಎಲ್ಲಿಗೆ ಅಂತ ಕೇಳದೆ ಬಿಡುತ್ತಿರಲಿಲ್ಲ. ಕನ್ನಡಕ ಒರೆಸಿಕೊಂಡು, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಸೈಟು ಒಳಗೆ ಬಿಡುವ ಮೊದಲು, ನೀವು ಯಂತ್ರವಲ್ಲ ಮನುಷ್ಯ ಅಂತ ತೋರಿಸಿ, ಬಸ್ಸು ಇರುವ ಚಿತ್ರಗಳನ್ನೆಲ್ಲ ಒತ್ತಿ ಅಂತ ಕೇಳಿತು.

ತಾತನ ಮುಖ ಅರಳಿತು. ಆಮೇಲೆ ಗಂಟಿಕ್ಕಿತು.

"ಇದು ಬಸ್ಸಲ್ಲಪ್ಪ, ವ್ಯಾನು. ಇದಕ್ಕೆ ಬೋರ್ಡೇ ಇಲ್ಲ, ಯಾವ ರೂಟು? ಇದು ಕೆಟ್ಟು ನಿಂತಿರೋದು, ನೋಡು, ಡ್ರೈವರೇ ಇಲ್ಲ. ಇದನ್ನ ಬಸ್ಸು ಅಂತ ನಾನು ಒಪ್ಪಲ್ಲ."

ಬಟನ್‌ಗೆ ನಾಲಿಗೆಯ ತುದಿಗೆ ಬಂದದ್ದನ್ನು ನುಂಗುವುದರಲ್ಲಿ ಕಣ್ಣಲ್ಲಿ ನೀರು ಬಂತು. ತಾತ ಒಂದು ಚಿತ್ರವನ್ನೂ ಒತ್ತದೆ, ಕೆಳಗಿದ್ದ 'ಮುಂದೆ' ಅನ್ನುವುದನ್ನು ಒತ್ತಿದರು. ಸೈಟು ಕೆಂಪಗಾಗಿ ಹೇಳಿತು: ನೀವು ಮನುಷ್ಯರೆಂದು ಖಚಿತವಾಗಲಿಲ್ಲ.

ತಾತ ಅದನ್ನು ಮೆಲ್ಲಗೆ ಓದಿದರು. ಇನ್ನೊಮ್ಮೆ ಓದಿದರು. ಮೊಬೈಲನ್ನು ಸತ್ತ ಇಲಿಯನ್ನು ಇಡುವ ಹಾಗೆ ಮೇಜಿನ ಮೇಲಿಟ್ಟರು.

"ನಾನು ನಿಂಗೆ ಏನಪ್ಪಾ ಮಾಡಿದ್ದೆ?"

"ತಾತ, ಅದು ನಾನು ಹೇಳಿದ್ದಲ್ಲ..."

"ಬಾಯಿ" ಅಂತು ಫೋನಿನೊಳಗಿಂದ ಸಾಹೇಬರ ದನಿ.

ಸ್ವಲ್ಪ ಹೊತ್ತಿನಲ್ಲೇ ಬಟನ್‌ ಕಂಡಕ್ಟರ್‌ ತಾತನನ್ನು ಮನುಷ್ಯನೇ ಅಲ್ಲ ಅಂದನಂತೆ ಅನ್ನುವ ಸುದ್ದಿ ಬೀದಿಯ ಆ ತುದಿ ಮುಟ್ಟಿತ್ತು. ಬಟನ್‌ ಆ ಬಸ್ಸಿನ ಚಿತ್ರಗಳನ್ನೆಲ್ಲ ಸೈಟಿನಿಂದ ಕಿತ್ತೆಸೆದು, ಓನರಮ್ಮನ ಅಡುಗೆಮನೆಗೆ ಬಂದ.

ಕಟ್ಟಡದ ಒಡತಿ ಓನರಮ್ಮ ಒಳ್ಳೆಯವರು. ಬಟನ್‌ ಇರುವ ಮೇಲಿನ ಕೋಣೆಗೆ ಸೊಳ್ಳೆಪರದೆಯನ್ನು ತಾವೇ ಕೊಟ್ಟಿದ್ದರು. "ಮನೆ ಬಾಡಿಗೆಗೆ ಹಾಕ್ಬೇಕಾ? ಹಾಕಿದ ಹಾಗೆ ಆಟ ಆಡಿದ್ರೆ ಸಾಕಾ?" ಅಂತ ಕೇಳಿದರು.

"ಆಟ ಅಲ್ಲ, ನಿಜವಾಗಿ ಹೇಗೆ ಮಾಡ್ತಾರೋ ಹಾಗೇ ಮಾಡ್ಲಿ" ಅಂತು ಫೋನು. "ಹಾಗೇ ಮಾಡಿ ಆಂಟಿ" ಅಂದ ಬಟನ್‌.

ಓನರಮ್ಮ ಮೂಲೆಯ ಮೂರು ಗೆರೆಯನ್ನು ನೋಡಿದರು. ಉಗುರಿನಿಂದ ಕೆರೆದರು. "ಏನೋ ಗೀರಿದೆ ಕಣೋ" ಅಂತ ಪಾತ್ರೆ ಒರೆಸುವ ಬಟ್ಟೆಯಿಂದ ಗಸಗಸ ಉಜ್ಜಿದರು. ಉಜ್ಜಿದ ರಭಸಕ್ಕೆ ಸೈಟು ಮುಚ್ಚಿ, ಕ್ಯಾಮರಾ ತೆರೆದು, ಯಾರಿಗೋ ಕರೆ ಹೋಗಿ, ಆ ಕಡೆಯಿಂದ ಬಟನ್‌ನ ಅಕ್ಕ "ಹಲೋ, ಏನಾಯ್ತೋ?" ಅಂದಳು. ಬಟನ್‌ ಬಾಯಿ ಬಿಡುವಂತಿಲ್ಲ. "ಯಾಕೋ ಮಾತಾಡ್ತಿಲ್ಲ? ಹುಷಾರಿದ್ದೀಯ ತಾನೇ?" ಅಂತ ಅಕ್ಕ ಅಳುವುದಕ್ಕೇ ಶುರುಮಾಡಿದಳು. ಓನರಮ್ಮ ಮೊಬೈಲಿಗೆ ಬಾಯಿಟ್ಟು ಸಮಾಧಾನ ಹೇಳಿದರು: "ಚೆನ್ನಾಗಿದಾನಮ್ಮ. ಈಗ ತಾನೇ ಮಾತು ನಿಂತಿದೆ, ಅಷ್ಟೇ."

ಬಟನ್‌ ಮೇಲಿನ ಕೋಣೆಗೆ ಓಡಿದ. ಮೂರು ಗೆರೆಯನ್ನು ಅಳಿಸಿದ. ಅದರ ಜಾಗದಲ್ಲಿ ಅಂಗೈ ಅಗಲದ ಹಸಿರು ಬಟನ್‌ ಇಟ್ಟ: ನನ್ನ ಮನೆ ಬಾಡಿಗೆಗೆ ಕೊಡಬೇಕು. ಬೂದಿ ಅಕ್ಷರಗಳಿಗೆ ಕಪ್ಪು ಬಳಿದ. ಜನ ಬರೆದು ದಣಿಯಬಾರದು ಅಂತ, ಉತ್ತರ ಗೊತ್ತಿರುವ ಕಡೆಯೆಲ್ಲ ತಾನೇ ಮೊದಲೇ ತುಂಬಿಟ್ಟ. ಆಮೇಲೆ ಓನರಮ್ಮನನ್ನು ಮೇಲಕ್ಕೇ ಕರೆದುಕೊಂಡು ಬಂದು ತನ್ನ ಕುರ್ಚಿಯಲ್ಲಿ ಕೂರಿಸಿದ.

ಈ ಸಲ ಬೆರಳು ಬೆಣ್ಣೆಯ ಮೇಲೆ ಓಡಿದ ಹಾಗೆ ಓಡಿತು. ಬಟನ್‌ ಉಸಿರು ಬಿಗಿಹಿಡಿದು ಬೆರಳನ್ನೇ ನೋಡುತ್ತಿದ್ದ. ಬೆರಳು ನಿಲ್ಲುತ್ತಾ? ಇಲ್ಲ. ಹಿಂದೆ ಬರುತ್ತಾ? ಇಲ್ಲ. ಅದು ಏನು ಬರೆಯುತ್ತಿದೆ ಅಂತ ನೋಡುವ ವ್ಯವಧಾನ ಅವನಿಗೆಲ್ಲಿ?

"ಫೋಟೋ ಕೇಳ್ತಿದೆ" ಅಂದರು ಓನರಮ್ಮ. "ಒಂಚೂರು ಪಕ್ಕಕ್ಕೆ ಬಾರೋ, ನೀನು ಅಡ್ಡ ಬರ್ತಿದೀಯ."

ಬಟನ್‌ ಖುಷಿಯಿಂದ ಪಕ್ಕಕ್ಕೆ ಸರಿದ. ಫೋಟೋ ಹಾಕುವ ಜಾಗ ಯಾರಿಗೂ ಸಿಗುವುದಿಲ್ಲ ಅಂತ ಸಾಹೇಬರು ಬಾಜಿ ಕಟ್ಟಿದ್ದರು. ಸಿಕ್ಕಿತ್ತು.

"ಭೇಷ್" ಅಂತು ಫೋನು. "ಇನ್ನು ಮನೆ ಹಿಡಿಯೋರೊಬ್ರು."

ಎದುರು ಸಾಲಿನ ಟೈಲರಣ್ಣ ಹೆಂಡತಿ ಮಕ್ಕಳೊಂದಿಗೆ ಅಂಗಡಿಯ ಹಿಂಭಾಗದಲ್ಲೇ, ಬಟ್ಟೆಯ ಮೂಟೆಗಳ ನಡುವೆ ಬದುಕುತ್ತಿದ್ದ. ಮಿಷನ್‌ ತುಳಿಯುವುದನ್ನು ನಿಲ್ಲಿಸದೆ ಒಂದೇ ಕೈಯಲ್ಲಿ ಮೊಬೈಲು ತಗೊಂಡ. ಬಟನ್‌ ಕಣ್ಣು ಮತ್ತೆ ಬೆರಳಿನ ಮೇಲೆ. ಬೆರಳು ಇಳಿಯಿತು, ಒಮ್ಮೆ ನಿಂತಿತು, ಒತ್ತಿತು: ಈ ಮನೆ ನನಗೆ ಬೇಕು. ಓನರಮ್ಮನ ಕಡೆಯಿಂದ ಉತ್ತರವೂ ಟಣ್‌ ಅಂತ ಬಂತು: ಒಪ್ಪಿಗೆ.

"ಇಷ್ಟೇನಾ?" ಅಂದ ಟೈಲರಣ್ಣ. ಅವನ ಕಾಲು ಮೊದಲ ಬಾರಿಗೆ ಮಿಷನ್‌ ಮೇಲೆ ನಿಂತಿತ್ತು. "ಬ್ರೋಕರ್‌ ಕಾಲು ಹಿಡ್ಯೋದು ಬೇಡ್ವಾ? ನಿನ್ನ ಕೈಗೆ ಬಂಗಾರದ ಬಳೆ ತೊಡಿಸ್ಬೇಕು ಕಣೋ."

ಸಾಹೇಬರು ಆಫೀಸಿನಲ್ಲಿ ಎಲ್ಲರ ಮುಂದೆ ಬಟನ್‌ ಬೆನ್ನು ತಟ್ಟಿದರು. ಕೆಲಸ ಖಾಯಂ ಅಂದರು. ಬಟನ್‌ ಮನೆಗೆ ಬರುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಮೆಟ್ಟಿಲ ಮೇಲೆ ಅವನ ಹಾಸಿಗೆ ಸುರುಳಿ ಸುತ್ತಿ ಕೂತಿತ್ತು. ಅದರ ಪಕ್ಕ ಬಕೆಟ್ಟು, ಬಕೆಟ್ಟಿನೊಳಗೆ ಅವನ ಚಪ್ಪಲಿ, ಪುಸ್ತಕ, ಹಲ್ಲುಜ್ಜುವ ಬ್ರಷ್ಷು. ಬಾಗಿಲು ತೆರೆದಿತ್ತು. ಒಳಗೆ ಟೈಲರಣ್ಣ ಸ್ಟೂಲಿನ ಮೇಲೆ ನಿಂತು, ಅವನ ಕಿಟಕಿಗೆ ಪರದೆಯ ಅಳತೆ ತಗೊಳ್ಳುತ್ತಿದ್ದ.

ಬಟನ್‌ ಬಾಯಿ ತೆರೆದ. ಈಗ ತೆರೆಯಬಹುದಿತ್ತು, ಆದರೆ ದನಿಯೇ ಬರಲಿಲ್ಲ.

"ಬಂದ್ಯಾ?" ಅಂದರು ಓನರಮ್ಮ. "ಸೊಳ್ಳೆಪರದೆ ನೀನೇ ಇಟ್ಕೋ."

"ಆಂಟಿ, ಅದು... ಪರೀಕ್ಷೆಗೆ ಮಾಡಿದ್ದು."

"ನಿಜವಾಗಿ ಮಾಡೋ ಹಾಗೇ ಮಾಡಿ ಅಂದೆಯಲ್ಲೋ. ನಂಗೆ ಬೇರೆ ಮನೆ ಎಲ್ಲಿದೆ ಹಾಕೋಕೆ?" ಓನರಮ್ಮನ ದನಿ ಮೆತ್ತಗಾಯಿತು. "ನೋಡು, ನೀನು ರಾತ್ರಿಯೆಲ್ಲಾ ಆ ಕೀಬೋರ್ಡು ಕುಟ್ಟೋದು ನನ್ನ ತಲೆ ಮೇಲೇ ಕುಟ್ಟಿದ ಹಾಗಾಗ್ತಿತ್ತು. ಖಾಲಿ ಮಾಡಪ್ಪಾ ಅಂತ ಹೇಳ್ಬೇಕು ಅಂತ ಎಷ್ಟೋ ಸಲ ಮೇಲೆ ಬಂದೆ. ಪಾಪ, ನಿನ್ನ ಮುಖ ನೋಡಿದ್ರೆ ಮಾತೇ ಬರ್ತಿರಲಿಲ್ಲ. ನಿನ್ನ ಸೈಟು ಎಷ್ಟು ಸುಲಭ ಮಾಡ್ಬಿಡ್ತು. ಮುಖ ನೋಡೋದೇ ಬೇಡ, ಒತ್ತಿದ್ರೆ ಆಯ್ತು."

"ಇವತ್ತೇನಾ ಆಂಟಿ? ಈ ತಿಂಗಳು ಮುಗಿಯೋವರೆಗಾದ್ರೂ..."

"ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಮನೆ ಯಾವಾಗಿಂದ ಸಿಗುತ್ತೆ ಅನ್ನೋ ಕಡೆ ಇವತ್ತಿನಿಂದಲೇ ಅಂತ ಮೊದ್ಲೇ ತುಂಬಿತ್ತು. ಓದಿದವನು ತುಂಬಿದ್ದು, ಸರಿ ಇರುತ್ತೆ ಅಂತ ನಾನು ಮುಟ್ಟಲಿಲ್ಲ."

ಟೈಲರಣ್ಣ ಸ್ಟೂಲಿನ ಮೇಲಿಂದ ಬಗ್ಗಿ, "ಬೇಜಾರು ಮಾಡ್ಕೋಬೇಡ ಕಣೋ, ನಿನ್ನ ಪ್ಯಾಂಟು ಯಾವಾಗ್ಲೂ ಬಿಟ್ಟಿ ಹೊಲೀತೀನಿ" ಅಂದ.

ಬಟನ್‌ ಸಾಹೇಬರಿಗೆ ಫೋನು ಮಾಡಿದ. ಆ ಮನೆಯನ್ನು ಸೈಟಿನಿಂದ ಅಳಿಸಿಬಿಡಿ ಸರ್‌ ಅಂತ ಬೇಡಿಕೊಂಡ.

"ಹುಚ್ಚಾ ನಿಂಗೆ?" ಅಂದರು ಸಾಹೇಬರು. "ನಮ್ಮ ಮೊದಲನೇ ನಿಜವಾದ ಬಾಡಿಗೆ. ಜಾಹೀರಾತಿಗೂ ಕಳಿಸಾಯ್ತು. ನಿಂಗೆ ಮನೆ ಬೇಕಾದ್ರೆ ನಮ್ಮ ಸೈಟಲ್ಲೇ ಹುಡುಕು. ಅದಕ್ಕೇ ತಾನೇ ಮಾಡಿರೋದು."

ಬಟನ್‌ ಹಾಸಿಗೆಯ ಸುರುಳಿಯ ಮೇಲೆ ಕೂತು ಸೈಟು ತೆರೆದ. ಹುಡುಕಿದ. ಒಂದೇ ಒಂದು ಮನೆ ಬಂತು. ಬೆಳಕು ತುಂಬಿದ ಕಿಟಕಿ, ತೊಳೆದಿಟ್ಟಂತಹ ಗೋಡೆ, ಯಾರೂ ಇಲ್ಲದ ಕೋಣೆ. ಇಷ್ಟು ಚೆನ್ನಾದ ಮನೆಯಲ್ಲಿ ತಾನಿದ್ದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಯೋಚಿಸುವ ಮೊದಲೇ ಬೆರಳು ಒತ್ತಿಬಿಟ್ಟಿತ್ತು: ಈ ಮನೆ ನನಗೆ ಬೇಕು.

ಸೈಟು ಒಂದು ಕ್ಷಣವೂ ಕಾಯಿಸಲಿಲ್ಲ. ಕಪ್ಪು ದಪ್ಪ ಅಕ್ಷರದಲ್ಲಿ, ಯಾರಿಗೂ ಯಾವ ಅನುಮಾನವೂ ಉಳಿಯದ ಹಾಗೆ ಹೇಳಿತು: ಕ್ಷಮಿಸಿ, ಈ ಮನೆಗೆ ಜನ ಬಂದಾಗಿದೆ. ಬೇರೆ ಮನೆಗಳು ಇಲ್ಲ. ನಮ್ಮ ಸೈಟನ್ನು ಬಳಸಲು ನಿಮಗೆ ಎಷ್ಟು ಸುಲಭವಾಯಿತು?