ಎಂಜಲಾಗದ ಸಾಂಬಾರು

ಅಡುಗೆ ಕಲಿಸೋಕೆ ಹೊರಟವನಿಗೆ ದಿನಕ್ಕೊಂದು ಫಜೀತಿ ಗ್ಯಾರಂಟಿ. ನನ್ನಂಥ ಚಡಪಡಿಕೆಯ ಮನುಷ್ಯನಾದರೆ ಎರಡು. ಕಾಡುಗೋಡಿಯಲ್ಲಿ ಒಂದು ಮನೆಯ ಮಹಡಿ ಮೇಲೆ ನಮ್ಮ ತರಬೇತಿ ಕೇಂದ್ರ. ಮೂರು ತಿಂಗಳು ಕಲಿತು ಪಾಸಾದರೆ ಐಟಿ ಕಂಪನಿಗಳ ಕ್ಯಾಂಟೀನಲ್ಲಿ ಅಡುಗೆ ಸಹಾಯಕರ ಕೆಲಸ. ಅಲ್ಲಿ ನಾನು ಮೇಷ್ಟ್ರು. ಒಂದು ಕಡೆ ನಿಂತವನೇ ಅಲ್ಲ. ಕಾಲು ಓಡಾಡ್ತಾನೇ ಇರುತ್ತೆ, ಕೈ ಯಾರದಾದರೂ ಪಾತ್ರೆಗೆ ಹೋಗ್ತಾನೇ ಇರುತ್ತೆ.

೧. ಮೂಗಿಗೆ ಗೊತ್ತು

ಕಳೆದ ಬ್ಯಾಚಿನಲ್ಲಿ ರಾಯಚೂರು ಕಡೆಯ ಒಬ್ಬ ಅಕ್ಕ ಇದ್ದರು. ವರ್ಷಗಟ್ಟಲೆ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತು ಸೊಂಟ ಬಿದ್ದು ಹೋಗಿತ್ತು. "ನೆರಳಾಗ ನಿಂತು ಮಾಡೂ ಕೆಲಸ ಒಂದು ಸಿಕ್ಕರ ಸಾಕ್ರಿ ಸರ" ಅಂತ ಬಂದು ಸೇರಿದ್ದರು. ಕೈರುಚಿ ಅಂದ್ರೆ ಅಬ್ಬಾ! ಒಂದೇ ತೊಂದರೆ, ಬಡಿಸೋ ಮುಂಚೆ ರುಚಿ ನೋಡಲ್ಲ.

"ಎಂಜಲಾಗ್ತೈತ್ರಿ ಸರ."

"ಮತ್ತೆ ಉಪ್ಪು ಎಷ್ಟಿದೆ ಅಂತ ಹೇಗ್ರೀ ಗೊತ್ತಾಗುತ್ತೆ?"

ಪಾತ್ರೆ ಮೇಲೆ ಬಗ್ಗಿ ಮೂಸಿದರು. "ಚೂರು ಕಮ್ಮಿ ಐತ್ರಿ."

ನಾನು ರುಚಿ ನೋಡಿದೆ. ಚೂರು ಕಮ್ಮಿಯೇ ಇತ್ತು! ನನಗೆ ಮೈಯೆಲ್ಲ ಉರೀತು. "ರುಚಿ ನೋಡದೆ ಉಪ್ಪು ಹಾಕೋರು ಅಡುಗೆಯವರೇ ಅಲ್ಲ" ಅಂತ ಇಡೀ ಕ್ಲಾಸಿನ ಕೈಲಿ ಮೂರು ಸಲ ಹೇಳಿಸಿದೆ. ಮಾರನೇ ದಿನ ಬಂದು ನೋಡ್ತೀನಿ, ಎಲ್ಲರೂ ಅವರವರ ಪಾತ್ರೆ ಮೂಸ್ತಾ ನಿಂತಿದ್ದಾರೆ. ಒಬ್ಬಳು ಬಂದು, "ಸಾರ್, ನಂಗೆ ನೆಗಡಿ. ಇವತ್ತು ತರಕಾರಿ ಮಾತ್ರ ಹೆಚ್ಚಲಾ?" ಅಂದಳು.

೨. ನಲ್ಲಿಗೆ ಹೋಗಿ ಬರೋಷ್ಟರಲ್ಲಿ

ಬೇರೆ ಚಮಚದಲ್ಲಿ ಅಂಗೈಗೆ ಹಾಕಿಕೊಂಡು ನೋಡಿ, ಪಾತ್ರೆಗೆ ಎಂಜಲು ತಾಕಲ್ಲ ಅಂತ ಬೇಡಿಕೊಂಡೆ. ಪರೀಕ್ಷೆಯಲ್ಲಿ ರುಚಿ ನೋಡದಿದ್ದರೆ ಫೇಲು, ಕೆಲಸ ಇಲ್ಲ ಅಂತಲೂ ಹೆದರಿಸಿದೆ. ಅಕ್ಕ ಒಪ್ಪಿದರು. ಒಲೆಗೆ ಬೆನ್ನು ಹಾಕಿ ಒಂದು ಹನಿ ನೆಕ್ಕಿದರು. ಆಮೇಲೆ ಹೊರಗಿನ ನಲ್ಲಿಗೆ ಹೋಗಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಸೆರಗಲ್ಲಿ ಮುಖ ಒರೆಸಿಕೊಂಡು ನಿಧಾನವಾಗಿ ಬಂದರು. ಅಷ್ಟರಲ್ಲಿ ಪಲ್ಯ ಸೀದು ಕೋಣೆ ತುಂಬಾ ಹೊಗೆ.

"ಏನಮ್ಮಾ ಇದು, ತಳ ಹಿಡೀತಲ್ಲ!"

"ಹಿಡೀಲಿ ಬಿಡ್ರಿ ಸರ. ಎಂಜಲಂತೂ ಆಗ್ಲಿಲ್ಲ."

೩. ಕೆಳಗಡೆ ಮನೆ ಗೌಡ್ರು

ಅವತ್ತಿಂದ ಅಕ್ಕ ಆ ಚಮಚ ಮುಟ್ಟಲಿಲ್ಲ. ಕೆಳಗಡೆ ಇದ್ದ ಓನರ್ ಗೌಡ್ರಿಗೆ ಒಂದು ಲೋಟ ಸಾಂಬಾರು ಕೊಟ್ಟು ಉಪ್ಪು ಕೇಳೋಕೆ ಶುರು ಮಾಡಿದರು. "ಉಪ್ಪು ಸರ್ಯಾಗೈತೆ, ಆದ್ರೂ ನಮ್ಮನೇಲಿ ಇಂಗಲ್ಲ ಮಾಡೋದು" ಅಂತ ಗೌಡ್ರು ದಿನಾ ಲೋಟ ಖಾಲಿ ಮಾಡೋರು. ವಾರದೊಳಗೆ ಲೋಟ ಹೋಗಿ ತಟ್ಟೆ ಬಂತು. ಭಾನುವಾರ, ಕ್ಲಾಸಿಗೆ ರಜಾ, ಮಧ್ಯಾಹ್ನ ಗೌಡ್ರ ಫೋನು.

"ಯಾಕ್ ಮೇಷ್ಟ್ರೇ, ಇವತ್ತು ಉಪ್ಪು ನೋಡೋದಿಲ್ವಾ? ನಾನು ಮುದ್ದೆ ಇಟ್ಕಂಡು ಕುಂತಿವ್ನಿ!"

೪. ಪರೀಕ್ಷೆ

ಪರೀಕ್ಷಕರು ವೈಟ್‌ಫೀಲ್ಡಿನ ಒಂದು ಕ್ಯಾಂಟೀನಿನವರು. ಅವರು ಪಾಸ್ ಅಂದರೆ ಅಲ್ಲೇ ಕೆಲಸ. ಅವತ್ತು ಗೌಡ್ರನ್ನ ಮೇಲೆ ಬಿಡೋ ಹಾಗಿಲ್ಲ. ಅಕ್ಕ ಸಾಂಬಾರು ಇಳಿಸಿ, ರುಚಿ ನೋಡದೇನೇ ತಟ್ಟೆ ತರೋಕೆ ಹೋದರು. ನನಗೆ ಜೀವ ತಡೀಲಿಲ್ಲ. ಉಪ್ಪು ಕಮ್ಮಿಯಾಗಿ ಈ ಪುಣ್ಯಾತ್ಗಿತ್ತಿ ಮತ್ತೆ ಇಟ್ಟಿಗೆ ಹೊರೋ ಹಾಗಾದರೆ? ಆ ಕಡೆ ಈ ಕಡೆ ಓಡಾಡಿದೆ. ಮೂರು ಲೋಟ ನೀರು ಕುಡಿದೆ. ಕೊನೆಗೆ ಯಾರೂ ನೋಡ್ತಿಲ್ಲ ಅಂದುಕೊಂಡು ಒಂದು ಹಿಡಿ ಉಪ್ಪು ಹಾಕಿ ಸೌಟು ತಿರುಗಿಸಿಬಿಟ್ಟೆ.

ಅಕ್ಕ ಬಂದರು, ಮುಚ್ಚಳ ತೆಗೆದರು, ಮೂಸಿದರು. ಮುಖ ಗಂಟಾಯಿತು.

"ಯಾರೋ ಇದಕ್ಕ ಉಪ್ಪು ಹಾಕ್ಯಾರ್ರಿ!"

ಪರೀಕ್ಷಕರು ಬಾಯಿಗಿಟ್ಟು ಮುಖ ಕಿವುಚಿದರು. "ಅಯ್ಯಪ್ಪಾ, ಉಪ್ಪೋ ಉಪ್ಪು! ಯಾರ್ರೀ ಹಾಕಿದ್ದು?"

ಇಡೀ ಕ್ಲಾಸು ನನ್ನ ಕೈ ನೋಡಿತು. ಬೆರಳಿಗೆ ಇನ್ನೂ ಉಪ್ಪು ಅಂಟಿತ್ತು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಅಕ್ಕ ಬೇಯಿಸಿದ ಬೇಳೆ, ಹುಣಸೆ ರಸ ಸುರಿದು ಮತ್ತೆ ಕುದಿಸಿದರು. ಆಮೇಲೆ ತಾವಾಗೇ ಚಮಚ ತಗೊಂಡು ಎಲ್ಲರೆದುರು ರುಚಿ ನೋಡಿದರು!

"ಕಡೆಗೂ ನೋಡಿದ್ರಲ್ಲ ಅಕ್ಕಾ!" ನನಗೆ ಕಣ್ಣಲ್ಲಿ ನೀರೇ ಬಂತು.

"ನೀವು ಕೈ ಹಾಕಿ ಕೆಡಿಸಿದ ಮ್ಯಾಲ ಇನ್ನ ಎಂಜಲಿಂದೇನು ಚಿಂತಿ ಬಿಡ್ರಿ ಸರ."

ಪರೀಕ್ಷಕರು ಒಂದು ತಟ್ಟೆ ಅನ್ನ ಖಾಲಿ ಮಾಡಿ, ಪಾಸ್ ಅಂತ ಬರೆದು, ಸೋಮವಾರದಿಂದ ಕೆಲಸಕ್ಕೆ ಬನ್ನಿ ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ನೀವು ಉಪ್ಪು ಹಾಕೋ ಮುಂಚೆ ರುಚಿ ನೋಡಿದ್ರಾ?"

ನಾನು ಇಲ್ಲ ಅಂತ ತಲೆ ಆಡಿಸಿದೆ.

"ರುಚಿ ನೋಡದೆ ಉಪ್ಪು ಹಾಕೋರು ಅಡುಗೆಯವರೇ ಅಲ್ಲ!" ಅಂತ ಇಡೀ ಕ್ಲಾಸು ಒಟ್ಟಿಗೆ ಕೂಗಿತು. ಮೂರು ಸಲ.