ಗೇರುಬೀಜದ ಪಿಯಾನೋ, ಕಾಕಾರ ಟವಲು

ನಾನು ಮೊದಲ ಸಲ ಓಡಿಹೋದದ್ದು ಒಂದು ಸೋಮವಾರ. ಏಳನೇ ಇಯತ್ತೆಯಲ್ಲಿ ಗಣಿತ ನಡೆದಿತ್ತು, ಸಾಲಿಯ ಹೊರಗೆ ನಾಟಕ ಕಂಪನಿಯ ಲಾರಿ ಪಂಕ್ಚರ್ ಆಗಿ ನಿಂತಿತ್ತು. ‘ನೀರು ಕುಡದ ಬರ್ತೇನ್ರಿ ಸರ’ ಎಂದು ಎದ್ದವನು ಇನ್ನೂ ವರ್ಗಕ್ಕೆ ತಿರುಗಿ ಹೋಗಿಲ್ಲ. ಮೈಕು ಕಟ್ಟುವುದು, ಹಾಡು ರೆಕಾರ್ಡ್ ಮಾಡುವುದು ಕಲಿತೆ. ಒಂದೂರಲ್ಲಿ ನಿಲ್ಲುವುದು ಮಾತ್ರ ಬರಲಿಲ್ಲ. ಹೀಗೆ ತಿರುಗುವವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಂದು ಕಾಲಿಗೆ ತೊಡರುತ್ತದೆ. ಈ ಬೇಸಿಗೆ ಬೆಳಗಾವಿಯಲ್ಲಿ ತೊಡರಿತು.

ತಾನಾಗೇ ಕೊಟ್ಟದ್ದು

ಹಾಡು ರೆಕಾರ್ಡ್ ಮಾಡಲು ಕರೆಸಿದವರು ಅಲ್ಲಿಯ ರಾಮತೀರ್ಥ ನಗರದ ಒಬ್ಬ ಗಾಯಕಿ. ಪಾಶ್ಚಾತ್ಯ ಸಂಗೀತ ಕಲಿತವರು, ನಮಗೆಲ್ಲ ಅಕ್ಕಾರು. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಒಬ್ಬ ಹೆಣ್ಣುಮಗಳು ಕವಿತೆಗಳಿಗೆ ಸ್ವರ ಕಟ್ಟಿದ್ದಳಂತೆ. ಮನೆಮಂದಿ ‘ಮನೆಯೊಳಗೇ ಹಾಡಿಕೋ, ಹೊರಗೆ ಬೇಡ’ ಎಂದರಂತೆ. ಆಕೆಯ ಹಾಡುಗಳನ್ನು ಆಕೆಯ ಕಾಲದ ಪಿಯಾನೋ ಜೊತೆಗೇ ಹಾಡಬೇಕೆಂದು ಅಕ್ಕಾರ ಹಟ.

“ಈಗಿನ ಪಿಯಾನೋ ಗುಡುಗತಾವ್ರಿ. ಆಕಿ ಬರದಿದ್ದು ಪಿಸಿಪಿಸಿ ಮಾತಾಡೂ ಪಿಯಾನೋಕ್ಕ.”

ಅಂಥದೊಂದು ಖಾನಾಪುರದ ಹಳೆಯ ಬಂಗಲೆಯಲ್ಲಿ ಸಿಕ್ಕಿತು. ಮೇಜಿನಂಥ ಕಟ್ಟಿಗೆಯ ಪೆಟ್ಟಿಗೆ. ಮುಚ್ಚಳ ಎತ್ತಿದರೆ ಒಳಗೆಲ್ಲ ಗೇರುಬೀಜ!

“ಇದರಾಗ ಇಟ್ರ ಹುಳ ಹತ್ತಂಗಿಲ್ಲ,” ಎಂದರು ಬಂಗಲೆಯ ಆಜಿ. “ನಿಮ್ಮ ಹಾಡ ಮುಗದ ಮ್ಯಾಲ ವಾಪಸ್ ತರ್ರಿ ಮತ್ತ.”

ಜೊತೆಗೆ ಬಂದಿದ್ದ ಪಿಯಾನೋ ಮಾಸ್ತರು ಭಕ್ತಿಯಿಂದ ಒಂದು ಬಿಳಿ ಪಟ್ಟಿ ಒತ್ತಿದರು. ಸ್ವರ ಬರಲಿಲ್ಲ. ಒಂದು ಬೀಜ ಪುಟಿದು ಅವರ ಅಂಗಿಯ ಕಿಸೆಯಲ್ಲಿ ಬಿತ್ತು.

“ತಿನ್ರಿ ಮಾಸ್ತರ, ತಾನಾಗೇ ಕೊಟ್ಟದ!” ಎಂದರು ಆಜಿ.

ಕರೆಂಟು ಹೋಗಲಪ್ಪಾ

ಪಿಯಾನೋ ಬೆಳಗಾವಿಯ ನೇಕಾರರ ಬಡಾವಣೆ ವಡಗಾವಿಗೆ ಬಂತು, ಅಕ್ಕಾರ ಕಾಕಾರ ಮನೆಗೆ. ಬೀಜ ತೆಗೆದು, ತಂತಿ ಬಿಗಿದು ಮಾಸ್ತರು ಅದನ್ನು ಶ್ರುತಿಗೆ ತಂದರು. ಕಾಕಾ ಹಿಂದೆ ನೇಕಾರರು. ಮಗ್ಗ ಮಾರಿದ ಮೇಲೆ ದಪ್ಪ ಗೋಡೆಯ ಕೋಣೆ ಖಾಲಿ ಬಿದ್ದಿತ್ತು. ಆದರೆ ಓಣಿಯ ಉಳಿದವರು ಮಗ್ಗ ಮಾರಿರಲಿಲ್ಲವಲ್ಲ! ರೆಕಾರ್ಡ್ ಮಾಡಿದ ಮೊದಲ ಹಾಡು ಕೇಳಿ ನೋಡಿದರೆ ಉದ್ದಕ್ಕೂ ಖಟಾಖಟ್.

ಉಪಾಯ ಒಂದೇ. ಕರೆಂಟು ಹೋದರೆ ಮಗ್ಗ ನಿಲ್ಲುತ್ತವೆ. ಪಿಯಾನೋಕ್ಕೆ ಕರೆಂಟು ಬೇಡ, ನನ್ನ ಯಂತ್ರ ಬ್ಯಾಟರಿಯದು. ಕರೆಂಟು ಹೋಯಿತೆಂದರೆ ಓಣಿಯೆಲ್ಲ ಬೈಯುತ್ತಿತ್ತು, ನಾವು ಕುಣಿಯುತ್ತಿದ್ದೆವು. ಅಕ್ಕಾರು ಅರ್ಧ ಚಹಾ ಬಿಟ್ಟು ಓಡಿಬಂದು, ಕಣ್ಣು ಮುಚ್ಚಿ, ಮರುಗಳಿಗೆಗೆ ಎಲ್ಲಿಯದೋ ಹಿಮದ ಊರಿನ ದುಃಖ ಎತ್ತಿಕೊಳ್ಳುತ್ತಿದ್ದರು. ಅದು ಹೇಗೆ ಸಾಧ್ಯವೋ ನನಗಿನ್ನೂ ತಿಳಿದಿಲ್ಲ.

ಒಂದು ದಿನ ಬಾಜೂಮನೆಯ ನೇಕಾರ ಕಾಕಾರನ್ನು ಮೆಲ್ಲಗೆ ಕೇಳಿದ: “ಕರೆಂಟ್ ಹೋದಕೂಡ್ಲೆ ನಿಮ್ಮನ್ಯಾಗ ಒಂದ ಹೆಣಮಗಳು ಅಳಾಕ ಹತ್ತತಾಳಲ್ರಿ. ಪಾಪ, ಕತ್ತಲಿಗೆ ಅಂಜತಾಳ. ಒಂದ ಬ್ಯಾಟರಿ ತಂದ ಕೊಡಬಾರದೇನ್ರಿ?”

ಎಂಥಾ ದೇಶ ಅದು

ಕಾಕಾ ಹಿಂದೂಸ್ತಾನಿ ಬೈಠಕುಗಳಲ್ಲಿ ಬೆಳೆದವರು. ಚಲೋ ಜಾಗ ಬಂದಾಗ ‘ಭಲೇ’ ಅನ್ನದಿದ್ದರೆ ಹಾಡುವವರಿಗೆ ಅವಮಾನ ಎಂದು ನಂಬಿದವರು. ಪ್ರತಿ ಸಲ ಹಾಡಿನ ತೀರ ನಾಜೂಕು ಜಾಗಕ್ಕೆ ಸರಿಯಾಗಿ “ಭಲೇ!” ಮಾಸ್ತರ ಕೈ ಗಾಬರಿಯಾಗಿ ಎರಡು ಸ್ವರ ಜಿಗಿಯುತ್ತಿತ್ತು.

“ಕಾಕಾ, ಈ ಹಾಡು ಸುಮ್ನ ಕುಂತ ಕೇಳಬೇಕ್ರಿ.”

“ಸುಮ್ನ ಕುಂದರಾಕ ನಾ ಏನ ಗ್ವಾಡಿ ಏನವಾ? ಚಲೋ ಹಾಡಿದ್ರ ಚಲೋ ಅನಬಾರದಂದ್ರ ಎಂಥಾ ದೇಶ ಅದು!”

ಹೊರಗೆ ಕೂರಿಸಿದೆವು, ಕಿಟಕಿಯಿಂದ ಅಂದರು. ಕೊನೆಗೆ ತಾವಾಗಿಯೇ ಬಾಯಿಗೆ ಟವಲು ತುರುಕಿಕೊಂಡರು. ಅಂದಿನಿಂದ ನಾಜೂಕು ಜಾಗ ಬಂದಾಗ ಬರೀ ಕಣ್ಣು ಹೊರಗೆ ಬರುತ್ತಿದ್ದವು.

ಕಡೆಯ ಹಾಡು

ಒಂದೇ ಹಾಡು ಉಳಿದಿತ್ತು, ಅಕ್ಕಾರು ಯಾವುದಕ್ಕಾಗಿ ಇಷ್ಟೆಲ್ಲ ಹೊತ್ತಿದ್ದರೋ ಅದು. ಪಿಯಾನೋದ ನಡುವಿನ ಒಂದು ತಂತಿ ಸವೆದು ಎಳೆಯಾಗಿತ್ತು. ಅಂಥ ತಂತಿ ಮತ್ತೆ ಸಿಗುವುದಿಲ್ಲ. “ಒಂದ ಸಲ ತಡೀತದ. ಎರಡನೇದಕ್ಕ ನಾ ಜವಾಬ್ದಾರ ಅಲ್ಲ,” ಎಂದಿದ್ದರು ಮಾಸ್ತರು.

ಕರೆಂಟು ಹೋಯಿತು. ಅಕ್ಕಾರು ಎತ್ತಿಕೊಂಡರು. ಅರ್ಧ ಹಾಡಿಗೆ ತಲೆಮೇಲಿನ ಬಲ್ಬು ಹತ್ತಿತು! ಇನ್ನೇನು ಖಟಾಖಟ್ ಎಂದು ಕಾದರೆ, ಒಂದೂ ಮಗ್ಗ ಅಲ್ಲಾಡಲಿಲ್ಲ. ಕಿಟಕಿಯಿಂದ ಇಣುಕಿದೆ. ಓಣಿಯ ನೇಕಾರರೆಲ್ಲ ಹೊಸ್ತಿಲಲ್ಲಿ ನಿಂತಿದ್ದರು. ಮಗ್ಗ ಹಚ್ಚಲು ಹೊರಟವನೊಬ್ಬನ ಕೈಯನ್ನು ಅವನ ಹೆಂಡತಿ ಗಟ್ಟಿಯಾಗಿ ಹಿಡಿದಿದ್ದಳು.

ಹಾಡು ಮುಗಿಯುತ್ತ ಬಂತು. ಕಡೆಯ ಸ್ವರ ಎಳೆಯಾಗಿ, ಇನ್ನೂ ಎಳೆಯಾಗಿ ಕರಗುವಾಗ:

“ಭಲೇ!”

ಎಲ್ಲರೂ ಕಾಕಾರ ಕಡೆ ತಿರುಗಿದರು. ಕಾಕಾರ ಬಾಯಲ್ಲಿ ಟವಲು ಇದ್ದಲ್ಲೇ ಇತ್ತು. ಅವರ ಬೆರಳು ನನ್ನ ಕಡೆ ಇತ್ತು.

ಹೌದು, ಅಂದವನು ನಾನೇ. ಯಾರೂ ಸದ್ದು ಮಾಡದಂತೆ ಕಾಯಲು ಪಗಾರ ತಗೊಂಡವನು.

“ಇನ್ನೊಮ್ಮೆ ಹಾಡೂಣು,” ಎಂದು ಮಾಸ್ತರು ಆ ಸವೆದ ತಂತಿಯ ಪಟ್ಟಿ ಒತ್ತಿದರು. ಟಣ್! ತಂತಿ ಹರಿಯಿತು.

ಅಕ್ಕಾರು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಇಡೀ ಹಾಡು ಕೇಳಿದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ‘ಭಲೇ’ ಆ ಕಡೆಯ ಸ್ವರದ ಮೇಲೇ ಕೂತಿತ್ತು, ಕತ್ತರಿಸಿದರೆ ಎರಡೂ ಹೋಗುತ್ತಿದ್ದವು. ಅವರು ನಕ್ಕರು, ಕಣ್ಣು ಒರೆಸಿಕೊಂಡರು.

“ಇರ್ಲಿ ಬಿಡ್ರಿ. ಈ ಹಾಡ ಕಟ್ಟಿದಾಕಿಗೆ ಆಕಿ ಮನ್ಯಾಗ ಯಾರೂ ಭಲೇ ಅಂದಿರಲಿಕ್ಕಿಲ್ಲ. ವಡಗಾವ್ಯಾಗರ ಅಂದ್ರಲ್ಲ.”

ಸಿಟ್ಟಿಗೆದ್ದವರು ಕಾಕಾ ಒಬ್ಬರೇ. ಟವಲು ಕಿತ್ತು ಎಸೆದರು. “ಇಷ್ಟ ದಿನಾ ಟವಲ್ ತಿಂದಾಂವ ನಾ! ರೆಕಾರ್ಡಿನ್ಯಾಗ ಧ್ವನಿ ಇವಂದಾ?”

ಪಿಯಾನೋ ಗೇರುಬೀಜ ತುಂಬಿಕೊಳ್ಳಲು ಖಾನಾಪುರಕ್ಕೆ ಹೋಯಿತು. ನಾನು ವೈರು ಸುತ್ತಿ ಚೀಲ ಕಟ್ಟುತ್ತಿದ್ದಾಗ ಕಾಕಾ ಬಂದು ನಿಂತರು. ಒಗೆದು ಮಡಚಿದ್ದ ಆ ಟವಲನ್ನು ಚೀಲದೊಳಗೆ ತುರುಕಿದರು.

“ತಗೋ. ಮುಂದಿನ ಊರಾಗ ನಿನಗ ಬೇಕಾಗ್ತದ.”