ಮಾವನ ರುಮಾಲು ಸುತ್ತಿ ಬೆಳಗಾವಿಗೆ

ವರನನ್ನು ನೋಡಿ ಬರುವ ಕೆಲಸವನ್ನು ಮಾವನವರು ನನಗೆ ಒಪ್ಪಿಸಿದಾಗ ನಾನು ಎಳ್ಳಷ್ಟೂ ಅಳುಕಲಿಲ್ಲ. ಅವರಿಗೆ ಮೊಣಕಾಲು ನೋವು. ಹುಡುಗ ಬೆಳಗಾವಿಯ ಕಾಲೇಜೊಂದರಲ್ಲಿ ಲೆಕ್ಚರರ್. ನಾದಿನಿ ಸುಮಿತ್ರಾಳಿಗೆ ಬಂದ ಸಂಬಂಧಗಳೆಲ್ಲ ತಪ್ಪಿ ಮನೆಯವರು ಕಂಗಾಲಾಗಿದ್ದರು. ಇದಾದರೂ ಕೂಡಬೇಕಿತ್ತು.

ನನ್ನಂಥ ಬೆಲ್‌ಬಾಟಮ್ ಪ್ಯಾಂಟಿನವನ ಮಾತಿಗೆ ತೂಕವೆಲ್ಲಿ? ಮಾವನವರ ರುಮಾಲು, ಧೋತರ, ಕರಿ ಕೋಟು, ಬೆತ್ತ ಎಲ್ಲವನ್ನೂ ಎರವಲು ಪಡೆದೆ.

"ನಾಟಕದಾಗಿನ ಗೌಡನಂಗ ಕಾಣಾಕತ್ತೀರಿ" ಎಂದಳು ಹೆಂಡತಿ ಗಂಗಾ.

"ಹಿರೇತನಕ್ಕ ಹೋಗಾವ ಹಿಂಗ ಇರಬೇಕು. ನಿನಗ ತಿಳ್ಯಾಂಗಿಲ್ಲ, ನಡಿ!"

ಖಾನಾಪುರದ ಬಸ್ಸು ಪೀರನವಾಡಿ ಮುಟ್ಟುತ್ತಲೇ ಕಾಲೇಜು ಹುಡುಗರು ಬಾಗಿಲಿಗೆ ಜೋತುಬಿದ್ದರು. ಬೆಳಗಾವಿಯ ಕೋಟೆ ಹಳೆಯದು, ಪೇಟೆ ಹಳೆಯದು. ಆದರೆ ಊರಿಗೆ ವಯಸ್ಸಾಗಲು ಈ ವಿದ್ಯಾರ್ಥಿಗಳು ಬಿಟ್ಟರೆ ತಾನೆ! ಒಂದೇ ಸೈಕಲ್ಲಿನ ಮೇಲೆ ಮೂವರು, ಕನ್ನಡದಲ್ಲಿ ಹಾಡು, ಮರಾಠಿಯಲ್ಲಿ ಜಗಳ. ನನಗೂ ಹುರುಪು ಬಂತು.

ಹುಡುಗನ ಕಾಲೇಜಿನ ಗೇಟಿಗೇ ಬಣ್ಣದ ಕಾಗದದ ತೋರಣ. ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಹುಡುಗನೊಬ್ಬ ಓಡಿ ಬಂದ.

"ಎಷ್ಟ್ ತಡಾ ಮಾಡಿದ್ರಿ! ಬರ್ರಿ, ಬರ್ರಿ!"

"ನೋಡಿದೇನು ಮರ್ಯಾದಿ?" ಎಂದೆ ಗಂಗಾಳಿಗೆ.

ಅವಳನ್ನು ಹೆಂಗಸರ ಸಾಲಿನಲ್ಲಿ ಕೂರಿಸಿ, ನನ್ನನ್ನು ನೇರ ವೇದಿಕೆಗೆ ಹತ್ತಿಸಿದರು. ಅಲ್ಲಿ ಒಬ್ಬ ಋಷಿ ಮತ್ತು ಮೀಸೆಯುಳ್ಳ ಮೀನುಗಾರ್ತಿ ನಿಂತಿದ್ದರು. ದೊಡ್ಡ ಊರು, ಎಲ್ಲ ಥರದ ಜನ ಇರುತ್ತಾರೆ ಎಂದುಕೊಂಡೆ! ಋಷಿ ನನ್ನ ಮೀಸೆ ಜಗ್ಗಿ, "ಭಾರಿ ಗಟ್ಟಿ ಅಂಟಿಸೀರಿ" ಎಂದು ಮೆಚ್ಚಿಕೊಂಡ. ಅಷ್ಟರಲ್ಲಿ ಮೈಕು ಕೈಗೆ ಬಂತು.

"ನಾವು ಖಾನಾಪುರದವರು. ನಿಮ್ಮ ಸರ್‌ಗೆ ನಮ್ಮ ಹುಡುಗೀನ ಕೊಡಬೇಕಂತ ಬಂದೇವಿ" ಎಂದೆ ಗಂಭೀರವಾಗಿ.

ಸೀಟಿಗಳೋ ಸೀಟಿಗಳು! ಗಂಗಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮುಂದಿನ ಸಾಲಿನಿಂದ ಎದ್ದ ತೀರ್ಪುಗಾರರು ಮೈಕು ಹಿಡಿದರು. "ಛದ್ಮವೇಷ ಸ್ಪರ್ಧಾದಾಗ ಗೌಡರ ವೇಷ ಚಲೋ ಆತು. ಆದ್ರ ಹಿರ್ಯಾರ ಗತ್ತು ಬರಲಿಲ್ಲ. ಅದಕ್ಕ ಸಮಾಧಾನಕರ ಬಹುಮಾನ."

ಆಗ ತಿಳಿಯಿತು, ಅದು ಕಾಲೇಜಿನ ಗ್ಯಾದರಿಂಗು, ಅಂದರೆ ವಾರ್ಷಿಕೋತ್ಸವ! ಮೊದಲ ಬಹುಮಾನ ಮೀನುಗಾರ್ತಿಗೆ.

ನನ್ನ ಕೈಗೆ ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ ಕೊಡುತ್ತ ತೀರ್ಪುಗಾರರು ಕೇಳಿದರು, "ಯಾವ ಕ್ಲಾಸೊ ತಮ್ಮಾ?"

ವರನ ಫೋಟೋದಲ್ಲಿ ನೋಡಿದ ಮುಖ! "ನಾನು... ನಿಮಗ ಆಗಬೇಕಾದ ಷಡ್ಡಕ ರೀ" ಎಂದೆ.

ಈ ಸಂಬಂಧವೂ ಮುರಿಯಿತೆಂದು ಗಂಗಾ ದಾರಿಯುದ್ದಕ್ಕೂ ಅತ್ತಳು. ಆದರೆ ಮುಂದಿನ ರವಿವಾರ ಹುಡುಗ ತಾನೇ ಖಾನಾಪುರಕ್ಕೆ ಬಂದ, ಸುಮಿತ್ರಾಳನ್ನು ನೋಡಿದ, ಒಪ್ಪಿದ. ಅದೇ ರುಮಾಲು, ಅದೇ ಕೋಟಿನಲ್ಲಿ ಮಾವನವರು ಬೆತ್ತ ಊರುತ್ತ ಹೊರಗೆ ಬಂದರು. ಹುಡುಗ ನನ್ನ ಕಿವಿಗೆ ಬಾಗಿದ.

"ನೋಡ್ರಿ, ಪಾರ್ಟು ಅಂದ್ರ ಹಿಂಗಿರಬೇಕು!"

ನಾನು ತೆಪ್ಪಗೆ ಒಳಗೆ ಹೋಗಿ ಎಲ್ಲರಿಗೂ ಚಹಾ ತಂದುಕೊಟ್ಟೆ. ಆ ಪಾರ್ಟು ಮಾತ್ರ ನನಗೆ ಬಲು ಸಹಜವಾಗಿ ಬಂತೆಂದು ಗಂಗಾ ಈಗಲೂ ಹೇಳುತ್ತಾಳೆ!